ಮೆಸೊಪೊಟೇಮಿಯಾದ ಮಂತ್ರಗಳಲ್ಲಿ ‘ಹೇಗೋ ಹಾಗೇ’: ಪುನರಾವರ್ತನೆ ಮತ್ತು ಹೋಲಿಕೆನ ನೀವೇ ಹುಡುಕಿ ಓದೋದು ಹೇಗೆ

“ಈ ಬೆಳ್ಳುಳ್ಳಿ ಹೇಗೆ ಸುಲಿದು ಬೆಂಕಿಗೆ ಬೀಳುತ್ತೋ ಹಾಗೇ ನನ್ನ ಮೈಗೆ ಅಂಟಿರೋ ಶಾಪ ಸುಲಿದು ಹೋಗಲಿ.” ಇದು ಈಗಿನ ಇರಾಕ್‌ನ ಮೋಸುಲ್ ಪಕ್ಕದಲ್ಲಿರೋ ನಿನೆವೆ ಊರಿನ ಮಣ್ಣಿನ ಫಲಕಗಳಲ್ಲಿ ಸಿಕ್ಕಿರೋ ಮಂತ್ರದ ಸಾರ. ಅಲ್ಲಿನ ರಾಜ ಅಶುರ್‌ಬನಿಪಾಲ್ ಕ್ರಿ.ಪೂ. 7ನೇ ಶತಮಾನದಲ್ಲಿ ಕೂಡಿಸಿಟ್ಟ ಗ್ರಂಥಾಲಯದ 30,000ಕ್ಕೂ ಹೆಚ್ಚು ಫಲಕ ಮತ್ತು ತುಂಡುಗಳು ಇವತ್ತು ಬ್ರಿಟಿಷ್ ಮ್ಯೂಸಿಯಂನಲ್ಲಿವೆ, ಅದರಲ್ಲಿ ಮಂತ್ರ, ಶಾಂತಿ, ಪರಿಹಾರದ ಪಠ್ಯಗಳೂ ತುಂಬಾ ಇವೆ. ಇವನ್ನ ಮೊದಲ ಸಲ ಓದೋರಿಗೆ ಒಂದೇ ಕಂಪ್ಲೇಂಟ್ ಇರುತ್ತೆ, ಹೇಳಿದ್ದನ್ನೇ ಹೇಳ್ತಾರೆ, ಬೋರ್ ಆಗುತ್ತೆ, ನಾಲ್ಕು ಸಾಲು ಬಿಟ್ಟು ಮುಂದಕ್ಕೆ ಹೋಗೋಣ ಅನ್ಸುತ್ತೆ ಅಂತ. ದಯವಿಟ್ಟು ಬಿಡಬೇಡಿ. ಹಾಗೆ ಬಿಟ್ಟು ಹೋಗೋ ಸಾಲುಗಳಲ್ಲೇ ಮಂತ್ರದ ಕೆಲಸ ಎಲ್ಲಾ ನಡೀತಿರುತ್ತೆ, ಒಂದು ಪದ ಬದಲಾಗಿರುತ್ತೆ, ಅದನ್ನ ಹಿಡಿಯೋದು ಹೇಗೆ ಅಂತ ಒಂದೊಂದೇ ಹಂತವಾಗಿ ಬರೀತಿದ್ದೀನಿ. ಅಕ್ಕಾಡಿಯನ್ ಭಾಷೆ (ಬ್ಯಾಬಿಲೋನಿಯಾ, ಅಸೀರಿಯಾದವರ ಭಾಷೆ) ಗೊತ್ತಿಲ್ಲದವರೂ ಶುರು ಮಾಡಬಹುದು, ನಾನೂ ಹಾಗೇ ಶುರು ಮಾಡಿದ್ದು.

ಮೊದಲು ಒಂದು ವಿಷಯ ಕ್ಲಿಯರ್ ಮಾಡ್ಕೊಳ್ಳಿ. ನಾವು ‘ಮಾಟ ಮಂತ್ರ’ ಅಂತ ಒಟ್ಟಿಗೇ ಹೇಳಿಬಿಡ್ತೀವಿ, ಆದ್ರೆ ಮಾಟ ಮಾಡಿಸೋದು ಬೇರೆ, ಮಾಟ ತೆಗೆಸೋದು ಬೇರೆ ಅನ್ನೋದು ಯಾವ ಹಳ್ಳಿಯವರಿಗೂ ಗೊತ್ತು. ಬ್ಯಾಬಿಲೋನಿಯಾದಲ್ಲೂ ಇದೇ ವ್ಯತ್ಯಾಸ ಇತ್ತು. ಮಾಟಕ್ಕೆ ‘ಕಿಶ್ಪೂ’ ಅಂತಿದ್ರು, ಅದು ಅಪರಾಧ. ಅದನ್ನ ತೆಗೆಯೋನು ‘ಆಶಿಪು’, ಅವನು ಓದಿ ಬರೆದ ಪಂಡಿತ, ದೇವಸ್ಥಾನ ಅರಮನೆ ಎರಡರಲ್ಲೂ ಮರ್ಯಾದೆ ಇದ್ದವನು, ಕಾಯಿಲೆ ಬಿದ್ದವರ ಮನೆಗೆ ಹೋಗಿ ವಿಧಿ ಮಾಡ್ತಿದ್ದ. ನಮ್ಮ ಕೈಗೆ ಸಿಕ್ಕಿರೋ ಪಠ್ಯ ಬಹುತೇಕ ಈ ತೆಗೆಯೋ ಕಡೆಯವರದ್ದು. ಇದು ತಲೆಯಲ್ಲಿ ಇಲ್ಲದೆ ಓದಿದ್ರೆ ಪ್ರತಿ ಸಾಲೂ ಉಲ್ಟಾ ಅರ್ಥ ಆಗುತ್ತೆ.

ಹಂತ 1: ಒಂದೇ ಪಠ್ಯ ಹಿಡ್ಕೊಳ್ಳಿ

‘ಮೆಸೊಪೊಟೇಮಿಯಾದ ಮಂತ್ರಗಳು’ ಅಂತ ಟಾಪಿಕ್ ಇಟ್ಕೊಂಡ್ರೆ ಮುಗೀತು, ಎಲ್ಲಿಗೂ ಮುಟ್ಟಲ್ಲ, ಯಾಕಂದ್ರೆ ಕ್ರಿ.ಪೂ. 2600ರ ಆಸುಪಾಸಿನಿಂದ ಶುರುವಾಗಿ ಬೆಣೆಲಿಪಿ (ಮಣ್ಣಿನ ಫಲಕದ ಮೇಲೆ ಬೆಣೆ ಆಕಾರದ ಗೀಟುಗಳಲ್ಲಿ ಬರೀತಿದ್ದ ಲಿಪಿ) ನಿಲ್ಲೋ ಕಾಲದವರೆಗೆ ಎರಡು ಸಾವಿರ ವರ್ಷಕ್ಕೂ ಜಾಸ್ತಿ ಇದನ್ನ ಬರೆದಿದ್ದಾರೆ, ಇನ್ನೂ ಹಳೇ ಭಾಷೆಯಾದ ಸುಮೇರಿಯನ್‌ನಲ್ಲಿ, ಅಕ್ಕಾಡಿಯನ್‌ನಲ್ಲಿ, ಎರಡೂ ಭಾಷೆ ಸಾಲು ಸಾಲಾಗಿ ಸೇರಿಸಿ. ಹೊಸಬರಿಗೆ ನಾನು ಹೇಳೋದು ‘ಶುರ್ಪು’ ಅನ್ನೋ ಸರಣಿಯ 5 ಮತ್ತು 6ನೇ ಫಲಕ. ಶುರ್ಪು ಅಂದ್ರೆ ಸುಡೋದು. ಒಟ್ಟು 9 ಫಲಕ, ಎರಿಕಾ ರೈನರ್ 1958ರಲ್ಲಿ ಪೂರ್ತಿ ಸಂಪಾದನೆ ಮಾಡಿದ್ದಾರೆ. ತಾನು ಏನು ತಪ್ಪು ಮಾಡಿದ್ದೀನಿ, ಯಾವ ಆಣೆ ಮುರಿದಿದ್ದೀನಿ ಅಂತ ಗೊತ್ತಿಲ್ಲದೆ ಕಾಯಿಲೆ ಬಿದ್ದಿರೋನಿಗೆ ಮಾಡೋ ವಿಧಿ ಇದು.

ಇನ್ನೊಂದು ದೊಡ್ಡದು ‘ಮಖ್ಲೂ’, ಅದರರ್ಥನೂ ಸುಡೋದೇ, ಆದ್ರೆ ಅದು ಮಾಟಗಾರರ ವಿರುದ್ಧ. 8 ಮಂತ್ರದ ಫಲಕ, ಜೊತೆಗೆ ವಿಧಿ ಹೇಳೋ ಒಂದು ಫಲಕ, ಸುಮಾರು ನೂರು ಮಂತ್ರ, ‘ಅಬು’ ತಿಂಗಳ ಕೊನೆಯಲ್ಲಿ (ಜುಲೈ ಆಗಸ್ಟ್ ಹೊತ್ತಿಗೆ) ರಾತ್ರಿ ಮಾಡೋದು. ಇದನ್ನ ಎರಡನೇ ಪ್ರಾಜೆಕ್ಟ್ ಅಂತ ಇಟ್ಕೊಳ್ಳಿ.

ಹಂತ 2: ಪಠ್ಯ ತರೋದು

ದುಡ್ಡು ಖರ್ಚಿಲ್ಲದೆ ಸಿಗೋದು ತುಂಬಾ ಇದೆ. ಸಿಡಿಎಲ್ಐ (CDLI) ಸೈಟಲ್ಲಿ ಫಲಕಗಳ ಫೋಟೋ ಮತ್ತು ನಂಬರ್ ಸಿಗುತ್ತೆ. ಒರಾಕ್ (Oracc) ಅನ್ನೋ ಸೈಟಲ್ಲಿ ಪದ ಪದಕ್ಕೂ ಅರ್ಥ ಲಿಂಕ್ ಮಾಡಿರೋ ಪಠ್ಯಗಳಿವೆ, ಮಾಟ ತೆಗೆಯೋ ವಿಧಿಗಳಿಗೇ ಅಲ್ಲಿ ಒಂದು ಬೇರೆ ವಿಭಾಗ ಇದೆ. ಮ್ಯೂನಿಕ್ ಯೂನಿವರ್ಸಿಟಿಯವರ ಎಲೆಕ್ಟ್ರಾನಿಕ್ ಬ್ಯಾಬಿಲೋನಿಯನ್ ಲೈಬ್ರರಿ ಇದೆ, ಹಳೇ ಕಾಲದ ಅಕ್ಕಾಡಿಯನ್ ಮಂತ್ರಗಳಿಗೆ ಸೀಲ್ (SEAL) ಅನ್ನೋ ಪ್ರಾಜೆಕ್ಟ್ ಇದೆ. ನಿಘಂಟು ಅಂದ್ರೆ ಶಿಕಾಗೋ ಅಸೀರಿಯನ್ ಡಿಕ್ಷನರಿ, 1921ರಲ್ಲಿ ಕೆಲಸ ಶುರುವಾಗಿ ಕೊನೇ ಸಂಪುಟ ಬಂದಿದ್ದು 2011ರಲ್ಲಿ, ಎಲ್ಲಾ ಸಂಪುಟಗಳ ಪಿಡಿಎಫ್ ಫ್ರೀ. ನಮ್ಮ ಕಿಟೆಲ್ ನಿಘಂಟು ಪಕ್ಕದಲ್ಲಿಟ್ಕೊಂಡು ಹಳಗನ್ನಡ ಓದಿ ಅಭ್ಯಾಸ ಇರೋರಿಗೆ ಇದರ ರುಚಿ ಬೇಗ ಹತ್ತುತ್ತೆ, ಪ್ರತಿ ಪದಕ್ಕೂ ಎಲ್ಲೆಲ್ಲಿ ಬಳಸಿದ್ದಾರೆ ಅಂತ ಸಾಲು ಸಮೇತ ಕೊಟ್ಟಿರ್ತಾರೆ.

ಯಾವ ಪಠ್ಯ ತೆಗೊಂಡ್ರೂ ಫಲಕದ ನಂಬರ್ ಬರೆದಿಟ್ಕೊಳ್ಳಿ, ಒಂದೇ ಮಂತ್ರಕ್ಕೆ ಐದಾರು ಪ್ರತಿ ಇರುತ್ತೆ, ಆಮೇಲೆ ಯಾವುದರಲ್ಲಿ ಏನಿತ್ತು ಅಂತ ಹುಡುಕಿ ಹುಡುಕಿ ಸಾಕಾಗುತ್ತೆ.

ಹಂತ 3: ಪುಟದ ಮೇಲಿನ ಗುರುತುಗಳನ್ನ ಓದೋದು

ಚೌಕ ಬ್ರಾಕೆಟ್ ಒಳಗಿರೋದು ಅಂದ್ರೆ ಫಲಕ ಅಲ್ಲಿ ಮುರಿದಿದೆ, ಸಂಪಾದಕರು ತುಂಬಿದ್ದಾರೆ ಅಂತ. ಇದು ನಮ್ಮ ಕೆಲಸಕ್ಕೆ ತುಂಬಾ ಮುಖ್ಯ, ಯಾಕಂದ್ರೆ ಸಂಪಾದಕರು ತುಂಬೋದು ಸಾಮಾನ್ಯವಾಗಿ ಪಕ್ಕದ ಸಾಲಿನ ಪುನರಾವರ್ತನೆ ನೋಡಿಯೇ. ಅಂದ್ರೆ ನೀವು ‘ಇಲ್ಲೂ ಅದೇ ಪದ ಬಂದಿದೆ’ ಅಂತ ಎಣಿಸ್ತಿರೋದು ಫಲಕದಲ್ಲಿ ಇಲ್ಲದೇ ಇರಬಹುದು. ಬ್ರಾಕೆಟ್ ಒಳಗಿನದ್ದಕ್ಕೆ ಬೇರೆ ಬಣ್ಣ ಕೊಡಿ.

ಮಂತ್ರದ ಶುರುವಿನಲ್ಲಿ ‘ಎನ್’ ಅನ್ನೋ ಚಿಹ್ನೆ ಇರುತ್ತೆ, ಮಂತ್ರ ಇಲ್ಲಿಂದ ಅಂತ. ಕೊನೆಗೆ ‘ತು ಎನ್’. ಆಮೇಲೆ ‘ಕ ಇನಿಮ್ ಮ’ ಅಂತ ಶುರುವಾಗೋ ಒಂದು ಸಾಲು, ಇದು ಯಾವುದಕ್ಕೆ ಬಳಸೋ ಮಂತ್ರ ಅಂತ ಹೇಳುತ್ತೆ. ಅದರ ಕೆಳಗೆ ವಿಧಿ, ಏನು ಅರೀಬೇಕು, ಎಷ್ಟು ಸಲ ಹೇಳಬೇಕು ಅಂತ.

ಇನ್ನೊಂದು ಚಿಹ್ನೆ ‘ಕಿ ಮಿನ್’, ಕೆಲವು ಕಡೆ ಬರೀ ‘ಮಿನ್’. ಇದು ನಾವು ಲೆಕ್ಕದ ಪುಸ್ತಕದಲ್ಲಿ ಮೇಲಿನ ಸಾಲಿನದ್ದೇ ಅನ್ನೋಕೆ ಎರಡು ಗೀಟು ಹಾಕ್ತೀವಲ್ಲ, ಅದು. ನಾನು ಮೊದಲ ಸಲ ಇದನ್ನ ಗಮನಿಸದೆ ಒಂದು ಪಠ್ಯದಲ್ಲಿ ಒಂದು ಪದಗುಚ್ಛ ನಾಲ್ಕೇ ಸಲ ಬಂದಿದೆ ಅಂತ ಬರ್ಕೊಂಡಿದ್ದೆ, ಆದ್ರೆ ಓದೋನ ಬಾಯಲ್ಲಿ ಅದು ಹತ್ತಕ್ಕೂ ಜಾಸ್ತಿ ಸಲ ಬರ್ತಿತ್ತು, ಎರಡು ವಾರದ ನೋಟ್ಸ್ ಮತ್ತೆ ಮಾಡಬೇಕಾಯ್ತು. ಲಿಪಿಕಾರ ಜಾಗ ಉಳಿಸ್ತಾನೆ, ಹೇಳೋನು ಉಳಿಸಲ್ಲ. ಹಾಗಾಗಿ ಕಿ ಮಿನ್ ಇರೋ ಕಡೆ ಪೂರ್ತಿ ಸಾಲು ಬಿಡಿಸಿ ಬರೀರಿ, ಆದ್ರೆ ‘ಇದು ಬಿಡಿಸಿದ್ದು’ ಅಂತ ಗುರುತು ಇಡಿ. ಇನ್ನು ಸುಮೇರಿಯನ್ ಸಾಲು, ಅದರ ಕೆಳಗೆ ಅಕ್ಕಾಡಿಯನ್ ಅನುವಾದ ಇರೋ ಪಠ್ಯಗಳಲ್ಲಿ ಆ ಎರಡನ್ನ ಪುನರಾವರ್ತನೆ ಅಂತ ಎಣಿಸಬೇಡಿ.

ಹಂತ 4: ಶೀಟ್ ಮಾಡೋದು

ಎಕ್ಸೆಲ್ಲೋ ಗೂಗಲ್ ಶೀಟೋ ಯಾವುದಾದ್ರೂ ಸರಿ. ಒಂದು ಸಾಲಿಗೆ ಒಂದು ರೋ. ಮೊದಲ ಕಾಲಮ್ ಫಲಕ ಮತ್ತು ಸಾಲಿನ ನಂಬರ್, ಎರಡನೇದು ಅಕ್ಕಾಡಿಯನ್ ಉಚ್ಚಾರಣೆ, ಮೂರನೇದು ನಿಮ್ಮದೇ ಕನ್ನಡ ಅನುವಾದ, ನಾಲ್ಕನೇದು ಹಿಂದಿನ ಸಾಲಿಂದ ಹಾಗೇ ಉಳಿದಿದ್ದು, ಐದನೇದು ಬದಲಾಗಿದ್ದು.

ಈ ಮೂರನೇ ಕಾಲಮ್ ಬಗ್ಗೆ ಸ್ವಲ್ಪ ಒತ್ತಿ ಹೇಳ್ತೀನಿ. ಇಂಗ್ಲಿಷ್ ಅನುವಾದ ಕಾಪಿ ಪೇಸ್ಟ್ ಮಾಡಿ ಮುಗಿಸಬೇಡಿ. ಅಕ್ಕಾಡಿಯನ್ ಗದ್ಯದಲ್ಲಿ ಕ್ರಿಯಾಪದ ಸಾಮಾನ್ಯವಾಗಿ ಕೊನೇಲಿ ಬರುತ್ತೆ, ಕನ್ನಡದ ಹಾಗೇ. ಸುಮೇರಿಯನ್ನೂ ಅಷ್ಟೇ. ಇಂಗ್ಲಿಷ್‌ಗೆ ಹೋದಾಗ ಕ್ರಿಯಾಪದ ಮಧ್ಯಕ್ಕೆ ಓಡಿಹೋಗುತ್ತೆ, ಸಾಲುಗಳ ಕೊನೇಲಿ ಒಂದೇ ಥರ ಕೇಳಿಸ್ತಿದ್ದ ಸದ್ದು ಮಾಯ ಆಗುತ್ತೆ. ಕನ್ನಡದಲ್ಲಿ ಬರೆದ್ರೆ ಅದು ಉಳಿಯುತ್ತೆ. ‘ಮಖ್ಲೂ’ದಲ್ಲಿ ಮಾಟಗಾರರ ಬೊಂಬೆ ಸುಡೋವಾಗಿನ ಒಂದು ಸಾಲು ನೋಡಿ: ಬೊಂಬೆಗಳು “ಇಹೂಲೂ, ಇಝೂಬೂ, ಇತ್ತತ್ತುಕೂ”, ಮಾಟಗಾರ ಮಾಟಗಾತಿ “ಲಿಹೂಲೂ, ಲಿಝೂಬೂ, ಲಿತ್ತತ್ತುಕೂ”. ಕನ್ನಡದಲ್ಲಿ: ಈ ಬೊಂಬೆಗಳು ಹೇಗೆ ಕರಗ್ತಾವೋ, ಇಳೀತಾವೋ, ತೊಟ್ಟಿಕ್ತಾವೋ, ಹಾಗೇ ಆ ಮಾಟಗಾರ ಮಾಟಗಾತಿ ಕರಗಲಿ, ಇಳಿಯಲಿ, ತೊಟ್ಟಿಕ್ಕಲಿ. ಮೂರು ಕ್ರಿಯಾಪದ ಹಾಗೇ ಇವೆ, ಬದಲಾಗಿದ್ದು ಶುರುವಿನ ‘ಇ’ ಹೋಗಿ ‘ಲಿ’ ಬಂದಿದ್ದು ಮಾತ್ರ. ಕಣ್ಣ ಮುಂದೆ ನಡೀತಿರೋದು ‘ಆಗಲಿ’ ಅನ್ನೋದಾಗಿ ತಿರುಗಿದ್ದು ಅಷ್ಟು ಸಣ್ಣ ಜಾಗದಲ್ಲಿ. ಅವರ ‘ಲಿ’ ಪದದ ಮುಂದೆ, ನಮ್ಮ ‘ಅಲಿ’ ಪದದ ಹಿಂದೆ. ಎರಡರ ಸದ್ದು ಹೋಲೋದು ಬರೀ ಕಾಕತಾಳೀಯ, ಆದ್ರೆ ಅನುವಾದ ಮಾಡೋನಿಗೆ ಇದಕ್ಕಿಂತ ಅನುಕೂಲ ಬೇರೆ ಇಲ್ಲ.

ಹಂತ 5: ಪುನರಾವರ್ತನೆನ ವಿಂಗಡಿಸೋದು

ಶೀಟ್ ತುಂಬಿದ ಮೇಲೆ ನೋಡಿದ್ರೆ ಎಲ್ಲಾ ಪುನರಾವರ್ತನೆ ಒಂದೇ ಜಾತಿ ಅಲ್ಲ ಅಂತ ತಾನಾಗೇ ಗೊತ್ತಾಗುತ್ತೆ.

ಒಂದು, ಪಟ್ಟಿ. ಶುರ್ಪುವಿನ 2ನೇ ಫಲಕದಲ್ಲಿ ರೋಗಿ ಮಾಡಿರಬಹುದಾದ ತಪ್ಪುಗಳ ಉದ್ದಾನುದ್ದ ಪಟ್ಟಿ ಇದೆ. ನೆರೆಯವನ ಮನೆಗೆ ನುಗ್ಗಿದ, ನೆರೆಯವನ ಹೆಂಡತಿ ಹತ್ರ ಹೋದ, ನೆರೆಯವನ ರಕ್ತ ಚೆಲ್ಲಿದ, ನೆರೆಯವನ ಬಟ್ಟೆ ಹಾಕ್ಕೊಂಡ. ‘ನೆರೆಯವನ’ ಅನ್ನೋ ‘ತಪ್ಪೇಶು’ ಪ್ರತಿ ಸಾಲಲ್ಲೂ ಕೂತಿದೆ. ಯಾಕೆ ಇಷ್ಟುದ್ದ? ಯಾವ ತಪ್ಪು ಅಂತ ಗೊತ್ತಿಲ್ಲ, ಹಾಗಾಗಿ ಒಂದೂ ಬಿಡೋ ಹಾಗಿಲ್ಲ. ನಮ್ಮಜ್ಜಿ ಉಪ್ಪು ಮೆಣಸಿನಕಾಯಿ ನೀವಾಳಿಸಿ ದೃಷ್ಟಿ ತೆಗೆಯುವಾಗ ನಾಯಿ ಕಣ್ಣು, ನರಿ ಕಣ್ಣು, ಹೋದೋರ ಕಣ್ಣು, ಬಂದೋರ ಕಣ್ಣು ಅಂತ ಹೇಳ್ತಾ ಹೋಗ್ತಿದ್ರು, ಯಾರ ಕಣ್ಣು ಬಿತ್ತು ಅಂತ ಅವರಿಗೂ ಗೊತ್ತಿರ್ತಿರಲಿಲ್ಲ. ಪಟ್ಟಿ ಯಾಕೆ ಬೆಳೆಯುತ್ತೆ ಅಂತ ನನಗೆ ಅರ್ಥ ಆಗಿದ್ದು ಅಲ್ಲಿಂದಲೇ.

ಎರಡು, ಸರಪಳಿ. ಇದಕ್ಕೆ ಹಲ್ಲುನೋವಿನ ಹುಳದ ಮಂತ್ರಕ್ಕಿಂತ ಒಳ್ಳೇ ಉದಾಹರಣೆ ಇಲ್ಲ. ಅನು ದೇವರು ಆಕಾಶ ಸೃಷ್ಟಿಸಿದ ಮೇಲೆ, ಆಕಾಶ ಹೆತ್ತಿತು ಭೂಮಿಯ, ಭೂಮಿ ಹೆತ್ತಿತು ನದಿಗಳ, ನದಿಗಳು ಹೆತ್ತವು ಕಾಲುವೆಗಳ, ಕಾಲುವೆಗಳು ಹೆತ್ತವು ಕೆಸರ, ಕೆಸರು ಹೆತ್ತಿತು ಹುಳವ. ಅಕ್ಕಾಡಿಯನ್ ಸಾಲು ಬಾಯಲ್ಲಿ ಹೇಳಿ ನೋಡಿ, “ಶಮೂ ಇಬ್ನೂ ಎರ್ಸೆತ, ಎರ್ಸೆತು ಇಬ್ನೂ ನಾರಾತಿ”. ಗದ್ಯದಲ್ಲಿ ಕೊನೇಲಿ ಇರಬೇಕಾದ ಕ್ರಿಯಾಪದ ಇಲ್ಲಿ ಮಧ್ಯಕ್ಕೆ ಬಂದಿದೆ, ಅದರಿಂದಲೇ ಒಂದು ಸಾಲಿನ ಕೊನೇ ಪದ ಮುಂದಿನ ಸಾಲಿನ ಮೊದಲ ಪದ ಆಗೋಕೆ ಸಾಧ್ಯ ಆಗಿದೆ, ‘ಎರ್ಸೆತ’ ಅಂದ್ರೆ ಭೂಮಿಯನ್ನ, ‘ಎರ್ಸೆತು’ ಅಂದ್ರೆ ಭೂಮಿ. ಸರಪಳಿಯ ಕೊಂಡಿ ಅಂದ್ರೆ ಆ ಒಂದು ಸ್ವರ. ಆಮೇಲೆ ಹುಳ ಅಳ್ತಾ ಸೂರ್ಯದೇವ ಶಮಶ್ ಹತ್ರ, ನೀರು ಮತ್ತು ಜಾಣತನದ ದೇವರು ಏಯಾ ಹತ್ರ ಹೋಗುತ್ತೆ, ನನಗೆ ತಿನ್ನೋಕೆ ಏನು ಕೊಡ್ತೀಯ ಅಂತ ಕೇಳುತ್ತೆ, ಹಣ್ಣಾದ ಅಂಜೂರ ಕೊಡ್ತೀನಿ ಅಂದ್ರೆ ಬೇಡ ಅನ್ನುತ್ತೆ, ಹಲ್ಲಿಗೂ ಒಸಡಿಗೂ ಮಧ್ಯ ಕೂರಿಸು, ಹಲ್ಲಿನ ರಕ್ತ ಹೀರ್ತೀನಿ ಅನ್ನುತ್ತೆ. ನೀನು ಹೀಗಂದಿದ್ದಕ್ಕೆ ಏಯಾ ತನ್ನ ಗಟ್ಟಿ ಕೈಯಿಂದ ನಿನ್ನ ಹೊಡೀಲಿ ಅಂತ ಮಂತ್ರ ಮುಗಿಯುತ್ತೆ. ಕೆಳಗೆ ವಿಧಿಯಲ್ಲಿ, ಮೂರು ಸಲ ಹೇಳಬೇಕು ಅಂತ ಇದೆ. ಕಣ್ಣಿನ ಕುರುವಿಗೆ ಹೇಳೋ ಹಳೇ ಬ್ಯಾಬಿಲೋನಿಯನ್ ಮಂತ್ರದಲ್ಲೂ ಇದೇ ಕಟ್ಟು: ಭೂಮಿಯಿಂದ ಕೆಸರು, ಕೆಸರಿಂದ ದಂಟು, ದಂಟಿಂದ ತೆನೆ, ತೆನೆಯಿಂದ ಕುರು. ಎರಡನ್ನೂ ಪಕ್ಕ ಪಕ್ಕ ಇಟ್ಟು ನೋಡಿ, ನೋವಿಗೆ ಒಂದು ಹುಟ್ಟು ಕೊಡ್ತಾರೆ, ಆಕಾಶದಿಂದ ಇಳಿಸ್ತಾ ಇಳಿಸ್ತಾ ಬಾಯೊಳಗೆ ತಂದು ನಿಲ್ಲಿಸ್ತಾರೆ, ಹುಟ್ಟು ಗೊತ್ತಾದ ಮೇಲೆ ಅದನ್ನ ಹೆಸರು ಹಿಡಿದು ಮಾತಾಡಿಸಬಹುದು.

ಮೂರು, ಚೌಕಟ್ಟು. ಆಡಮ್ ಫಾಲ್ಕೆನ್‌ಸ್ಟೈನ್ 1931ರಲ್ಲಿ ಸುಮೇರಿಯನ್ ಮಂತ್ರಗಳನ್ನ ನಾಲ್ಕು ವಿಧ ಮಾಡಿದ್ರು, ಅದರಲ್ಲಿ ಒಂದು ಬ್ಯಾಬಿಲೋನಿನ ದೇವರು ಮರ್ದುಕ್ ಮತ್ತು ಅವನಪ್ಪ ಏಯಾ ಸಂಭಾಷಣೆ. ಮಗ ಮರ್ದುಕ್ ರೋಗಿನ ನೋಡ್ತಾನೆ, ಅಪ್ಪ ಏಯಾ ಹತ್ರ ಹೋಗಿ ನೋಡಿದ್ದನ್ನೆಲ್ಲಾ ಅದೇ ಪದಗಳಲ್ಲಿ ಮತ್ತೆ ಹೇಳ್ತಾನೆ, ಅಪ್ಪ ‘ಮಗನೇ, ನಿನಗೆ ಗೊತ್ತಿಲ್ಲದ್ದು ಏನಿದೆ, ನಾನೇನು ಸೇರಿಸಲಿ, ನನಗೆ ಗೊತ್ತಿರೋದು ನಿನಗೂ ಗೊತ್ತು, ಹೋಗು ಮಗನೇ’ ಅಂತ ಹೇಳಿ ವಿಧಿ ತಿಳಿಸ್ತಾನೆ. ಇದು ಎಷ್ಟು ಬಾಯಿಪಾಠ ಆಗಿತ್ತು ಅಂದ್ರೆ ಆಮೇಲಿನ ಲಿಪಿಕಾರರು ಮೂರು ತುಣುಕು ಬರೆದು ಬಿಟ್ಟುಬಿಡ್ತಾರೆ. ಹಾಗಾಗಿ ಬರೆದಿರೋ ಉದ್ದ ನೋಡಿ ಮಂತ್ರದ ಉದ್ದ ಅಳೀಬೇಡಿ.

ನಾಲ್ಕು, ಒಂದೇ ಮಾತನ್ನ ಬಡಿಯೋದು. ದುಷ್ಟ ಭೂತಗಳ ಸರಣಿ ‘ಉಟುಕ್ಕೂ ಲೆಮ್ನೂತು’ದಲ್ಲಿ: “ಏಳು ಅವರು, ಏಳು ಅವರು, ಪಾತಾಳದ ನೀರ ಬುಗ್ಗೆಯಲ್ಲಿ ಏಳು ಅವರು.” ಆಮೇಲೆ ಅವರು ಗಂಡೂ ಅಲ್ಲ, ಹೆಣ್ಣೂ ಅಲ್ಲ, ಹೆಂಡತಿ ಇಲ್ಲ, ಮಕ್ಕಳು ಹೆರಲ್ಲ ಅಂತ ಇಲ್ಲ ಇಲ್ಲಗಳ ಸುರಿಮಳೆ. ರಾತ್ರಿ ಕೂತು ಜೋರಾಗಿ ಓದಿ, ಯಾಕೆ ಅಂತ ವಿವರಿಸೋದೇ ಬೇಕಾಗಲ್ಲ.

ಹಂತ 6: ಹೋಲಿಕೆ ಹುಡುಕೋದು, ‘ಈ’ ಇದೆಯಾ ನೋಡೋದು

ಅಕ್ಕಾಡಿಯನ್‌ನಲ್ಲಿ ‘ಹಾಗೆ’ ಅನ್ನೋದಕ್ಕೆ ‘ಕೀಮ’. ಸುಮೇರಿಯನ್‌ನಲ್ಲಿ ಪದದ ಕೊನೆಗೆ ‘ಗಿನ್’ ಅಂಟುತ್ತೆ, ನಮ್ಮ ‘ಅಂತೆ’ ಅಂಟೋ ಹಾಗೆ. ಶೀಟಲ್ಲಿ ಕೀಮ ಅಂತ ಸರ್ಚ್ ಕೊಟ್ರೆ ಎಲ್ಲಾ ಸಿಕ್ಕಿಬಿಡುತ್ತೆ ಅನ್ಕೋಬೇಡಿ, ಆದ್ರೆ ಶುರು ಮಾಡೋಕೆ ಅದೇ ದಾರಿ.

ಈಗ ಶುರ್ಪು 5ನೇ ಫಲಕದ ಮೊದಲ ಭಾಗ ತೆಗೀರಿ. ಕೆಟ್ಟ ಶಾಪ ‘ಗಲ್ಲೂ’ ಭೂತದ ಹಾಗೆ ಮನುಷ್ಯನ ಮೇಲೆ ಬಿತ್ತು, ಶಾಪ ಅವನನ್ನ ಕುರಿ ಕೊಯ್ದ ಹಾಗೆ ಕೊಯ್ದು ಹಾಕ್ತು. ಕೀಮ ಇದೆ. ಆದ್ರೆ ಕುರಿ ಅಲ್ಲಿ ಇಲ್ಲ, ಭೂತನೂ ಕಣ್ಣಿಗೆ ಕಾಣಲ್ಲ, ಇದು ಸ್ಥಿತಿ ವರ್ಣಿಸೋ ಹೋಲಿಕೆ. ಮರ್ದುಕ್ ಹೋಗಿ ಏಯಾಗೆ ಹೇಳ್ತಾನೆ. ಏಯಾ ಹೇಳೋದೇನಪ್ಪಾ ಅಂದ್ರೆ, ಅವನನ್ನ ಶುದ್ಧಿ ಮಾಡೋ ಮನೆಗೆ ಕರ್ಕೊಂಡು ಹೋಗು, ಅವನ ಆಣೆ (ಅಂದ್ರೆ ಮುರಿದ ಆಣೆಯಿಂದ ಅಂಟಿರೋ ಕೆಡುಕು) ಈ ಬೆಳ್ಳುಳ್ಳಿ ಹಾಗೆ ಸುಲಿದು ಹೋಗಲಿ, ಈ ಖರ್ಜೂರದ ಹಾಗೆ ಕಿತ್ತು ಬರಲಿ, ಈ ಚಾಪೆ ಹಾಗೆ ಬಿಚ್ಚಿ ಹೋಗಲಿ. ಈಗ ‘ಅನ್ನೂ’ ಅನ್ನೋ ಪದ ಬಂತು, ಅಂದ್ರೆ ‘ಈ’. ಈ ಬೆಳ್ಳುಳ್ಳಿ. ಕೈಯಲ್ಲಿ ಹಿಡಿದಿರೋ, ಎದುರಿಗಿರೋ ಬೆಳ್ಳುಳ್ಳಿ. ಇದು ಕೆಲಸ ಮಾಡೋ ಹೋಲಿಕೆ. ನನ್ನ ಪ್ರಕಾರ ಇಡೀ ಸಂಶೋಧನೆಯಲ್ಲಿ ಒಂದೇ ಒಂದು ವಿಷಯ ನೆನಪಿಟ್ಕೊಳ್ಳಿ ಅಂದ್ರೆ ಇದು: ‘ಹಾಗೆ’ ಸಿಕ್ಕ ತಕ್ಷಣ ಪಕ್ಕದಲ್ಲಿ ‘ಈ’ ಇದೆಯಾ ನೋಡಿ.

ಏಯಾ ಒಂದೊಂದು ಸಾಲಲ್ಲಿ ಹೇಳಿದ್ದು ಆಮೇಲೆ ಒಂದೊಂದು ಪೂರ್ತಿ ಮಂತ್ರ ಆಗಿ ಬಿಚ್ಚಿಕೊಳ್ಳುತ್ತೆ. ಬೆಳ್ಳುಳ್ಳಿ, ಖರ್ಜೂರ, ಚಾಪೆ, ಕುರಿ ಉಣ್ಣೆ, ಮೇಕೆ ಕೂದಲು, ಕೆಂಪು ಉಣ್ಣೆ, ಆರು ವಸ್ತು ಆರು ಮಂತ್ರ. ಬೆಳ್ಳುಳ್ಳಿದು ಹೀಗಿದೆ, ಸಾರ ನನ್ನ ಕನ್ನಡದಲ್ಲಿ:

ಈ ಬೆಳ್ಳುಳ್ಳಿ ಹೇಗೆ ಸುಲಿದು ಬೆಂಕಿಗೆ ಬೀಳುತ್ತೋ,
ಉರಿಯೋ ಗಿರ್ರಾ ಅದನ್ನ ಹೇಗೆ ಸುಟ್ಟುಬಿಡ್ತಾನೋ,
ಅದನ್ನ ಇನ್ನು ಪಾತಿಯಲ್ಲಿ ನೆಡಲ್ಲ, ಕಾಲುವೆ ನೀರು ಹಾಯಿಸಲ್ಲ,
ಅದರ ಬೇರು ಮಣ್ಣು ಹಿಡಿಯಲ್ಲ, ಮೊಳಕೆ ಬರಲ್ಲ, ಸೂರ್ಯನ್ನ ನೋಡಲ್ಲ,
ದೇವರ ಊಟಕ್ಕೂ ರಾಜನ ಊಟಕ್ಕೂ ಅದು ಬರಲ್ಲ,
ಹಾಗೇ ಆಣೆ, ಶಾಪ, ನನ್ನ ಮೈಯಲ್ಲಿ, ಮಾಂಸದಲ್ಲಿ, ನರದಲ್ಲಿರೋ ರೋಗ
ಈ ಬೆಳ್ಳುಳ್ಳಿ ಹಾಗೆ ಸುಲಿದು ಹೋಗಲಿ,
ಇವತ್ತು ಗಿರ್ರಾ ಅದನ್ನ ಸುಟ್ಟುಬಿಡಲಿ,
ಆಣೆ ಹೊರಗೆ ಹೋಗಲಿ, ನಾನು ಬೆಳಕು ನೋಡಲಿ.

ಗಿರ್ರಾ ಅಂದ್ರೆ ಬೆಂಕಿ ದೇವರು. ಈಗ ಶೀಟಲ್ಲಿ ಆರೂ ಮಂತ್ರ ಪಕ್ಕ ಪಕ್ಕ ಹಾಕಿ. ಶುರುವಿನ ಚೌಕಟ್ಟು ಹಾಗೇ ಇದೆ, ಕೊನೆ ಹಾಗೇ ಇದೆ. ಬದಲಾಗೋದು ಎರಡೇ ಕಡೆ. ಒಂದು ಕ್ರಿಯಾಪದ, ಬೆಳ್ಳುಳ್ಳಿ ಸುಲೀತಾರೆ, ಖರ್ಜೂರ ಕೀಳ್ತಾರೆ, ಚಾಪೆ ಬಿಚ್ಚುತಾರೆ, ಉಣ್ಣೆ ಹಿಂಜ್ತಾರೆ. ಇನ್ನೊಂದು, ವಾಪಸ್ ಹೋಗಲ್ಲ ಅನ್ನೋ ಭಾಗ. ಬೆಳ್ಳುಳ್ಳಿ ಪಾತಿಗೆ ವಾಪಸ್ ಹೋಗಲ್ಲ. ಖರ್ಜೂರ ಗೊನೆಗೆ ವಾಪಸ್ ಹೋಗಲ್ಲ. ಉಣ್ಣೆ ಕುರಿ ಮೈಮೇಲೆ ವಾಪಸ್ ಹೋಗಲ್ಲ. ದೇವರು ಮತ್ತು ರಾಜ ಅನ್ನೋ ಜೋಡಿ ಉಣ್ಣೆಯಲ್ಲೂ ಇದೆ, ಆದ್ರೆ ಅಲ್ಲಿ ಊಟದ ಬದಲು ಉಡುಪು. ಯಾರೋ ಒಬ್ಬರು ಪ್ರತಿ ವಸ್ತುನೂ ಕೈಯಲ್ಲಿ ಹಿಡಿದು, ಇದು ಎಲ್ಲಿಂದ ಬಂತು, ಇದಕ್ಕೆ ಯಾವ ಭವಿಷ್ಯ ಇತ್ತು, ಆ ಭವಿಷ್ಯ ಹೇಗೆ ಮುಚ್ಚಿಹೋಗುತ್ತೆ ಅಂತ ಯೋಚನೆ ಮಾಡಿ ಬರೆದಿದ್ದಾರೆ. ಒಂದೇ ಮಂತ್ರ ಓದಿದ್ರೆ ಇದು ಕಾಣಲ್ಲ. ಆರನ್ನೂ ಓದಬೇಕು, ಹೇಳಿದ್ದನ್ನೇ ಹೇಳ್ತಾರೆ ಅನ್ನೋದನ್ನ ತಾಳ್ಮೆಯಿಂದ ತಾಳ್ಕೋಬೇಕು, ಆಗ ಅದೇ ಪುನರಾವರ್ತನೆ ಹೋಲಿಕೆನ ತೋರಿಸಿಕೊಡುತ್ತೆ.

ಮೂರನೇ ಥರದ ಹೋಲಿಕೆನೂ ಇದೆ, ಕಥೆಯ ಹೋಲಿಕೆ. ಹೆರಿಗೆ ಕಷ್ಟ ಆದಾಗ ಹೇಳೋ ಮಂತ್ರದಲ್ಲಿ ಚಂದ್ರದೇವ ಸಿನ್‌ನ ಪ್ರೀತಿಯ ಹಸು ಗೆಮೆ ಸಿನ್ ಅಂತ ಬರ್ತಾಳೆ. ಅವಳಿಗೆ ಹೆರಿಗೆ ನೋವು ಬಂದು ಕೂಗ್ತಾಳೆ, ಆಕಾಶದಲ್ಲಿ ಸಿನ್ ಕೇಳಿಸ್ಕೊಂಡು ಇಬ್ಬರು ರಕ್ಷಕ ದೇವತೆಯರನ್ನ ಕೆಳಗೆ ಕಳಿಸ್ತಾನೆ, ಕರು ಹುಟ್ಟುತ್ತೆ. ಗೆಮೆ ಸಿನ್ ಹೇಗೆ ಸಲೀಸಾಗಿ ಹೆತ್ತಳೋ ಹಾಗೇ ಈ ಹೆಣ್ಣುಮಗಳೂ ಹೆರಲಿ. ಇಲ್ಲಿ ವಸ್ತು ಕೈಯಲ್ಲಿಲ್ಲ, ‘ಈ’ ಬಂದಿರೋದು ನೋವು ತಿಂತಿರೋ ಹೆಣ್ಣಿನ ಕಡೆ. ಒಂದ್ಸಲ ಆಗಿದೆ, ಹಾಗಾಗಿ ಇನ್ನೊಂದ್ಸಲ ಆಗಬಹುದು. ಶೀಟಿಗೆ ಹೋಲಿಕೆಗೆ ಅಂತ ಆರನೇ ಕಾಲಮ್ ಸೇರಿಸಿ, ಆ ಕಾಲಮ್‌ಗೆ ವರ್ಣನೆ, ವಸ್ತು, ಕಥೆ ಅಂತ ಮೂರು ಹೆಸರು ಕೊಟ್ಟು ಪ್ರತಿ ‘ಕೀಮ’ದ ಮುಂದೆ ಒಂದನ್ನ ಬರೀರಿ.

ಹಂತ 7: ಕ್ರಿಯಾಪದನ ನಿಘಂಟಿನಲ್ಲಿ ನೋಡೋದು

ಹೋಲಿಕೆ ನಿಂತಿರೋದು ಕ್ರಿಯಾಪದದ ಮೇಲೆ, ವಸ್ತು ಮತ್ತು ರೋಗ ಎರಡಕ್ಕೂ ಸಲ್ಲೋ ಪದ ಅದು. ಚಾಪೆ ಬಿಚ್ಚೋದಕ್ಕೆ ಬಳಸಿರೋದು ‘ಪಶಾರು’. ಅದೇ ಪದ ಕನಸಿನ ಅರ್ಥ ಬಿಡಿಸೋದಕ್ಕೂ ಬರುತ್ತೆ, ಮಾಟ ಬಿಡಿಸೋದಕ್ಕೂ ಬರುತ್ತೆ. ನಮ್ಮ ‘ಬಿಡಿಸು’ ನೋಡಿ, ಗಂಟು ಬಿಡಿಸ್ತೀವಿ, ಒಗಟು ಬಿಡಿಸ್ತೀವಿ, ಹಿಡಿದಿದ್ದನ್ನ ಬಿಡಿಸ್ತೀವಿ. ಇಂಗ್ಲಿಷ್ ಅನುವಾದದಲ್ಲಿ ಮೂರು ಕಡೆ ಮೂರು ಪದ ಹಾಕಿರ್ತಾರೆ, ಹಾಗಾಗಿ ಚಾಪೆಯನ್ನೇ ಯಾಕೆ ಆರಿಸಿದ್ರು ಅನ್ನೋದು ಮುಚ್ಚಿಹೋಗುತ್ತೆ.

ವಸ್ತುನೂ ಚೆಕ್ ಮಾಡಿ. ರೈನರ್ ಅವರ ಅನುವಾದದಲ್ಲಿ ಇದು ಈರುಳ್ಳಿ, ಆದ್ರೆ ಮೂಲದ ‘ಶೂಮು’ ಶಿಕಾಗೋ ನಿಘಂಟಿನಲ್ಲಿ ಬೆಳ್ಳುಳ್ಳಿ, ಈರುಳ್ಳಿಗೆ ಬೇರೆ ಪದ ಇದೆ. ಈರುಳ್ಳಿ ಅಂದ್ರೆ ಪದರ ಪದರ ಸುಲಿದು ಕೊನೆಗೆ ಏನೂ ಉಳಿಯಲ್ಲ ಅಂತ ಚೆಂದ ವ್ಯಾಖ್ಯಾನ ಬರೆದುಬಿಡಬಹುದು, ಎಷ್ಟೋ ಜನರಿಗೆ ಬರೆಯೋ ಆಸೆ ಆಗುತ್ತೆ, ಆದ್ರೆ ಪದ ಬೆಳ್ಳುಳ್ಳಿ ಆದ್ರೆ ಆ ವ್ಯಾಖ್ಯಾನ ಅಲ್ಲಿಗೇ ಬಿದ್ದುಹೋಯ್ತು.

ಹಂತ 8: ಥಿಯರಿ ಕೊನೇಗೆ

ಬ್ರಿಟಿಷ್ ಮಾನವಶಾಸ್ತ್ರಜ್ಞ ಜೇಮ್ಸ್ ಫ್ರೇಜರ್ 1890ರಲ್ಲಿ, ಹೋಲೋದರಿಂದ ಹೋಲೋದು ಹುಟ್ಟುತ್ತೆ ಅಂತ ಜನ ನಂಬ್ತಾರೆ, ಇದು ತಪ್ಪು ದಾರಿ ಹಿಡಿದ ವಿಜ್ಞಾನ ಅನ್ನೋ ಅರ್ಥದಲ್ಲಿ ಬರೆದ್ರು. ಶ್ರೀಲಂಕಾದಲ್ಲಿ ಹುಟ್ಟಿದ ಮಾನವಶಾಸ್ತ್ರಜ್ಞ ಸ್ಟ್ಯಾನ್ಲಿ ತಂಬಯ್ಯ 1968 ಮತ್ತು 1973ರ ಲೇಖನಗಳಲ್ಲಿ ಇದನ್ನ ಪ್ರಶ್ನೆ ಮಾಡಿದ್ರು, ಮಂತ್ರದ ಹೋಲಿಕೆ ಮುಂದೇನಾಗುತ್ತೆ ಅಂತ ಊಹಿಸೋದಕ್ಕಲ್ಲ, ಒಪ್ಪಿಸೋದಕ್ಕೆ, ಒಂದು ಗುಣನ ಒಂದು ಕಡೆಯಿಂದ ಇನ್ನೊಂದು ಕಡೆಗೆ ಮಾತು ಮತ್ತು ಕ್ರಿಯೆಯ ಮೂಲಕ ದಾಟಿಸೋದಕ್ಕೆ ಅಂತ. ಶುರ್ಪು ಓದಿದ ಮೇಲೆ ನನಗೆ ತಂಬಯ್ಯ ಹೇಳೋದೇ ಸರಿ ಅನ್ಸುತ್ತೆ, ಯಾಕಂದ್ರೆ ‘ಲಿ’ ಅಂತ ಹೇಳೋನು ‘ಆಗುತ್ತೆ’ ಅಂತ ಹೇಳ್ತಿಲ್ಲ, ‘ಆಗಲಿ’ ಅಂತ ಬೇಡ್ತಿದ್ದಾನೆ. ಆದ್ರೆ ಇವೆಲ್ಲಾ ಶೀಟ್ ಮುಗಿದ ಮೇಲೆ ಓದಿ. ಮೊದಲೇ ಓದಿದ್ರೆ ಥಿಯರಿಗೆ ಹೊಂದೋ ಸಾಲು ಮಾತ್ರ ಕಣ್ಣಿಗೆ ಬೀಳುತ್ತೆ.

ಹಂತ 9: ಜಾರಿ ಬೀಳೋ ಜಾಗಗಳು

ನಮ್ಮಲ್ಲಿ ಎಲ್ಲರೂ ಜಾರೋ ಜಾಗ ಒಂದಿದೆ. ಬಾಲ ಗಂಗಾಧರ ತಿಲಕರು 1917ರಲ್ಲಿ ಅಥರ್ವವೇದದ ಹಾವಿನ ವಿಷದ ಸೂಕ್ತದಲ್ಲಿ ಬರೋ ‘ತೈಮಾತ’ ಅನ್ನೋ ಪದನ ಬ್ಯಾಬಿಲೋನಿಯಾದ ಸಮುದ್ರ ದೇವತೆ ತಿಯಾಮತ್ ಜೊತೆ ಜೋಡಿಸಿ ಲೇಖನ ಬರೆದ್ರು. ಅದು ಇಂದಿಗೂ ಚರ್ಚೆಯಲ್ಲಿರೋ ವಿಷಯ. ಅದನ್ನ ಓದಿ, ಬೇಡ ಅನ್ನಲ್ಲ, ಆದ್ರೆ ಅಥರ್ವವೇದದಲ್ಲೂ ಹೀಗೇ ಹೋಲಿಕೆ ಇದೆ, ಹಾಗಾಗಿ ಅಲ್ಲಿಂದ ಇಲ್ಲಿಗೆ ಬಂತು ಅಂತ ಒಂದೇ ಹಾರಿಗೆ ಹಾರಬೇಡಿ. ಹೇಗೋ ಹಾಗೇ ಅನ್ನೋ ಮಾತಿನ ಕಟ್ಟು ಪ್ರಪಂಚದ ಎಷ್ಟೋ ಕಡೆ ಇದೆ. ಸುಮೇರಿಯನ್ನೂ ಕನ್ನಡವೂ ಎರಡೂ ಪ್ರತ್ಯಯ ಅಂಟಿಸೋ ಭಾಷೆ ಅನ್ನೋದು ಓದೋಕೆ ಅನುಕೂಲ, ನಂಟಸ್ತನಕ್ಕೆ ಸಾಕ್ಷಿ ಅಲ್ಲ. ನನ್ನಜ್ಜಿಯ ನಾಯಿ ಕಣ್ಣು ನರಿ ಕಣ್ಣೂ ಅಷ್ಟೇ, ನಾನು ಅರ್ಥ ಮಾಡ್ಕೊಳ್ಳೋಕೆ ಬಳಸಿದ್ದು, ಲೇಖನದಲ್ಲಿ ಪುರಾವೆ ಅಂತ ಇಡೋಕೆ ಆಗಲ್ಲ.

ಕಾಲ ಬೆರೆಸಬೇಡಿ. ಹಳೇ ಬ್ಯಾಬಿಲೋನಿಯನ್ ಕಾಲದ್ದು ಅಂದ್ರೆ ಸುಮಾರು ಕ್ರಿ.ಪೂ. 2000ದಿಂದ 1600, ನಿನೆವೆ ಪ್ರತಿಗಳು ಅದಕ್ಕಿಂತ ಸಾವಿರ ವರ್ಷ ಆಮೇಲಿಂದು.

ವಿಧಿ ಇಲ್ಲದೆ ಮಂತ್ರ ಮಾತ್ರ ಓದೋದೂ ಬೇಡ. ಶುರ್ಪುವಿನ 1ನೇ ಫಲಕ ವಿಧಿ ಹೇಳುತ್ತೆ, ಮಂತ್ರದಲ್ಲಿ ‘ಈ’ ಅಂತ ಬಂದ ವಸ್ತು ವಿಧಿಯಲ್ಲಿ ಎಲ್ಲಿದೆ ಅಂತ ಗೆರೆ ಎಳೆದು ಸೇರಿಸಿ. ಒಂದು ಕಡೆ ಇದ್ದು ಇನ್ನೊಂದು ಕಡೆ ಇಲ್ಲ ಅಂದ್ರೆ ಅದೇ ನಿಮ್ಮ ಮುಂದಿನ ಪ್ರಶ್ನೆ.

ಹಂತ 10: ಬರೆಯೋದು

ಬರೆಯುವಾಗ ಮೂರು ಮಂತ್ರ ಆರಿಸಿ ಪೂರ್ತಿ ಕೊಡಿ, ಹತ್ತು ಮಂತ್ರದ ಅರ್ಧರ್ಧ ಸಾಲು ಕೊಡಬೇಡಿ. ಪುನರಾವರ್ತನೆ ಬಗ್ಗೆ ಬರೀತಾ ಉದಾಹರಣೆಯಲ್ಲಿ ಮೂರು ಚುಕ್ಕಿ ಇಟ್ಟು ಸಾಲು ಹಾರಿಸಿದ್ರೆ ಓದೋರು ಏನನ್ನ ನೋಡಬೇಕು? ಪ್ರತಿ ಸಾಲಿಗೂ ಫಲಕ ಮತ್ತು ಸಾಲಿನ ನಂಬರ್ ಹಾಕಿ, ಬ್ರಾಕೆಟ್ ಇದ್ದಲ್ಲಿ ಬ್ರಾಕೆಟ್ ಉಳಿಸಿ. ಕನ್ನಡ ಅನುವಾದದಲ್ಲಿ ಒಂದೇ ಅಕ್ಕಾಡಿಯನ್ ಪದಕ್ಕೆ ಎಲ್ಲಾ ಕಡೆ ಒಂದೇ ಕನ್ನಡ ಪದ ಇಡಿ, ಚೆನ್ನಾಗಿ ಕೇಳಿಸಲಿ ಅಂತ ಒಂದು ಕಡೆ ಸುಲಿ, ಇನ್ನೊಂದು ಕಡೆ ಕಳಚು ಅಂತ ಮಾಡಬೇಡಿ.

ಎಲ್ಲಾ ಮುಗಿದ ಮೇಲೆ ಕಿ ಮಿನ್‌ಗಳನ್ನೆಲ್ಲಾ ಬಿಡಿಸಿ, ಆರು ಮಂತ್ರನೂ ಪೂರ್ತಿಯಾಗಿ ಬಾಯಿಬಿಟ್ಟು ಓದಿ, ಫೋನಲ್ಲಿ ರೆಕಾರ್ಡ್ ಮಾಡ್ಕೊಳ್ಳಿ. ಎಷ್ಟು ನಿಮಿಷ ಆಯ್ತು ಅಂತ ಬರೆದಿಡಿ, ಎಲ್ಲಿ ಉಸಿರು ತಗೊಂಡ್ರಿ ಅನ್ನೋದನ್ನೂ ಗುರುತು ಮಾಡಿ, ಆಮೇಲೆ ‘ಮಖ್ಲೂ’ದ ಬೊಂಬೆ ಸುಡೋ ಮಂತ್ರಗಳಿಗೆ ಇದೇ ಆರು ಕಾಲಮ್‌ನ ಹೊಸ ಶೀಟ್ ತೆಗೀರಿ.